ಬಯಲಿನ ಮೊದಲ ಬೀಗ

ಬೀಗವೇನೋ ಸರಿಯಾಗಿಯೇ ಕೂತಿತು. ಕೂತ ಮೇಲೆ ಜೋಥಮ್ ರೀಡ್‌ಗೆ ಅದನ್ನು ನೋಡಲು ನಾಚಿಕೆಯಾಯಿತು. ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಪೇರಿಸಿ ಕಟ್ಟಿದ ಗೋಡೆ ಅದು; ಇಲಿಯೊಂದು ಮನಸ್ಸು ಮಾಡಿದರೆ ಬೆಳಗಾಗುವುದರೊಳಗೆ ಒಳಗೆ ಬಂದುಬಿಡುತ್ತದೆ. ಅಂಥ ಗೋಡೆಯ ನಡುವೆ ಪೆಟ್ಟಿಗೆ ಹಲಗೆಯ ಬಾಗಿಲು, ಆ ಬಾಗಿಲಿಗೆ ಅಂಗೈಯಗಲದ ಕಬ್ಬಿಣ. ನಿನ್ನೆಯವರೆಗೆ ಅಲ್ಲಿ ತೂತಿನಿಂದ ಹೊರಗೆ ಒಂದು ತೊಗಲಿನ ದಾರ ಇಳಿಬಿದ್ದಿರುತ್ತಿತ್ತು. ಎಳೆದರೆ ಒಳಗಿನ ಅಗುಳಿ ಮೇಲೇಳುತ್ತಿತ್ತು. ಡಕೋಟಾದ ಈ ಬಯಲಿನಲ್ಲಿ ಎಲ್ಲರ ಮನೆಯ ದಾರವೂ ಹೊರಗೇ. ಮನೆಯವನಿರಲಿ ಇಲ್ಲದಿರಲಿ, ದಾರಿಹೋಕ ಬರಬಹುದು, ಒಲೆ ಹೊತ್ತಿಸಬಹುದು, ಇದ್ದದ್ದನ್ನು ಬೇಯಿಸಿ ತಿಂದು ಮಲಗಬಹುದು. ಹೋಗುವಾಗ ತಟ್ಟೆ ತೊಳೆದಿಟ್ಟು, ಒಲೆಗೆ ಉರುವಲಾಗಿ ನಾಲ್ಕು ಹುಲ್ಲಿನ ಸಿಂಬೆ ಹೊಸೆದಿಟ್ಟರೆ ಆಯಿತು. ಯಾರು ಬಂದಿದ್ದರು, ಯಾಕೆ ಬಂದಿದ್ದರು ಎಂದು ಮನೆಯವನು ಕೇಳಿಕೊಂಡು ತಿರುಗುವುದಿಲ್ಲ. ಕೇಳಿದರೆ ಅವನೇ ಸಣ್ಣವನಾಗುತ್ತಾನೆ. ಜೋಥಮ್ ಆ ದಾರವನ್ನು ಒಳಕ್ಕೆ ಎಳೆದು, ತೂತಿಗೆ ಚಿಂದಿ ತುರುಕಿದ್ದ. ನನ್ನ ಮನೆ, ನನ್ನ ಬೀಗ, ಯಾರಪ್ಪನ ಗಂಟು ಹೋಯಿತು ಎಂದುಕೊಂಡ. ಆದರೂ ಕೀಲಿ ಜೇಬಿಗೆ ಹಾಕುವ ಮೊದಲು ಪಡುವಣ ದಿಣ್ಣೆಯ ಮೇಲಿನ ಹೊಗೆಯ ಕಡೆ, ನೆರೆಯ ಆಬ್ನರ್ ಕಾಬ್‌ನ ಮನೆಯ ಕಡೆ, ಒಮ್ಮೆ ತಿರುಗಿ ನೋಡಿಯೇ ನೋಡಿದ.

ಜನವರಿಗೆ ಒಪ್ಪದಂಥ ಬೆಚ್ಚನೆ ಬೆಳಗು. ಎತ್ತುಗಳು ಊರ ದಾರಿ ಹಿಡಿದವು. ಆಬ್ನರ್‌ನ ತೊಂದರೆ ಏನೆಂದರೆ ಅವನು ಏನನ್ನೂ ಕೇಳುವುದಿಲ್ಲ. ಬರುತ್ತಾನೆ, ಹುಳುಕು ಹಲ್ಲು ಬಿಟ್ಟು ನಗುತ್ತಾನೆ, ತನ್ನ ಹೇಸರಗತ್ತೆಯ ಮೊಂಡುತನದ ಪುರಾಣ ಹೇಳುತ್ತಾನೆ, ಹೋಗುತ್ತಾನೆ. ಕೇಳುವುದು ಬೇಕಾದಷ್ಟಿತ್ತು. ಜೋಥಮ್ ಕಾಯಿಲೆಯ ಹೆಂಡತಿ ಲೊವೀನಾಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಅಯೋವಾದಲ್ಲಿದ್ದ ಅವಳ ತಾಯಿಯ ಮನೆಗೆ ಹೊರಟಾಗ ತೆನೆ ಬಲಿತಿತ್ತು. ಒಬ್ಬನೇ ತಿರುಗಿ ಬಂದಾಗ ಹೊಸ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಈ ಗಾಳಿ, ಈ ಗಾಳಿ ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದವಳು ಗಾಳಿಯೇ ಇಲ್ಲದ ಕೋಣೆಯಲ್ಲಿ ಮಂಜು ಬೀಳುವ ಮೊದಲೇ ಸತ್ತಳು. ಆಮೇಲೂ ಅವನು ಅಲ್ಲೇ ಉಳಿದ. ದುಃಖಕ್ಕೆ ಎಂದು ಅತ್ತೆ ತಿಳಿದಳು. ದುಃಖವೂ ಇತ್ತು, ಇರಲಿಲ್ಲ ಎಂದಲ್ಲ. ಆದರೆ ಅವನನ್ನು ಹಿಡಿದಿಟ್ಟದ್ದು ಮರದ ಹಲಗೆಯ ನೆಲ. ಬರಿಗಾಲಲ್ಲಿ ಅದರ ಮೇಲೆ ನಡೆಯುವ ಸುಖ, ಒಲೆಯ ಪಕ್ಕದ ಕುರ್ಚಿ, ಅತ್ತೆಯ ಕೈಯ ಸೇಬಿನ ಕಡುಬು. ಹೆಂಡತಿಯನ್ನು ಮಣ್ಣಿಗಿಟ್ಟು ಕಡುಬು ತಿನ್ನುತ್ತ ಕೂತಿದ್ದೆನಲ್ಲ, ಥೂ, ಎಂದು ಈಗಲೂ ಗಾಡಿಯ ಮೇಲೆ ಒಬ್ಬನೇ ಇದ್ದಾಗ ಬಾಯಿಬಿಟ್ಟು ಅಂದುಕೊಳ್ಳುತ್ತಾನೆ.

ಆದರೆ ಸರಕಾರಕ್ಕೆ ಕಡುಬಿನ ಚಿಂತೆಯಿಲ್ಲ. ಪುಕ್ಕಟೆ ಕೊಡುವ ನೆಲಕ್ಕೆ ಅದು ಕೇಳುವುದು ಐದು ವರ್ಷದ ವಾಸ. ಏಪ್ರಿಲ್‌ನಲ್ಲಿ ಜಮೀನು ಕಚೇರಿಯಲ್ಲಿ ಇಬ್ಬರು ನೆರೆಯವರು ಬಲಗೈ ಎತ್ತಿ ಆಣೆಯಿಟ್ಟು ಹೇಳಬೇಕು: ಈ ಮನುಷ್ಯ ಈ ನೆಲದ ಮೇಲೆಯೇ ಬದುಕಿದ, ಉತ್ತ, ಬಿತ್ತ, ಆರು ತಿಂಗಳಿಗಿಂತ ಹೆಚ್ಚು ಬಿಟ್ಟು ಹೋಗಿಲ್ಲ. ಹೇಳಿದರೆ ನೆಲ ಅವನದು. ಬಿಟ್ಟು ಹೋಗಿದ್ದ ಎಂದು ಒಬ್ಬ ಬಾಯಿಬಿಟ್ಟರೂ ಸಾಕು, ಮಾರನೆಯ ದಿನವೇ ಇನ್ಯಾರೋ ಬಂದು ಗೂಟ ಹೊಡೆಯಬಹುದು. ನಾರ್ವೆಯ ಹಾಲ್ವರ್‌ನ ಭಯವಿಲ್ಲ. ಅವನು ಬಂದದ್ದೇ ಜೋಥಮ್ ಅಯೋವಾದಿಂದ ತಿರುಗಿದ ಮೇಲೆ, ತನಗೆ ಗೊತ್ತಿದ್ದಷ್ಟು ಹೇಳುತ್ತಾನೆ. ಎಲ್ಲ ಬಲ್ಲವನು ಆಬ್ನರ್. ಜೋಥಮ್ ಹಿಂದಿರುಗಿದ ದಿನ, ಅಷ್ಟು ಕಾಲ ತಾನು ನೋಡಿಕೊಂಡಿದ್ದ ಅವನ ಹಸುವಿನ ಹಗ್ಗ ಹಿಡಿದುಕೊಂಡು ಬಂದಿದ್ದ. 'ಕರು ಹಾಕಿದೆ. ಗಂಡು. ಎಡಗಡೆ ಹಿಂದಿನ ಮೊಲೆ ಸ್ವಲ್ಪ ಗಟ್ಟಿ' ಎಂದು ಹೇಳಿ, ಹಗ್ಗ ಕೈಗೆ ಕೊಟ್ಟು, ಹೊರಟುಹೋದ. ಗಾಡಿಯಲ್ಲಿ ಹೆಂಗಸಿಲ್ಲದ್ದು ಕಣ್ಣಿಗೆ ಕಾಣಲಿಲ್ಲವೇ? ಒಂದು ಮಾತು ಬೇಡವೇ? ಒಳಗೆ ಹೋಗಿ ನೋಡಿದರೆ ಒಲೆಯ ಬೂದಿ ಹೊಸದು. ದೀಪದ ಎಣ್ಣೆ ಇಳಿದಿತ್ತು. ಲೊವೀನಾಳ ಲೋಟ ಅವಳಿಡದ ಜಾಗದಲ್ಲಿ ಬೋರಲಾಗಿ ಕೂತಿತ್ತು. ಯಾರೋ ಒಂದು ಸಲ ಬಂದು ಹೋದದ್ದಲ್ಲ, ಬಂದು ಬಂದು ಹೋದದ್ದು. ಖಾಲಿ ಮನೆಗೆ ಮನುಷ್ಯ ಯಾಕೆ ಬರುತ್ತಾನೆ? ಖಾಲಿಯಿದೆ ಎಂದು ಖಾತ್ರಿ ಮಾಡಿಕೊಳ್ಳಲು. ಈಗ ಥರ್ಜಾಳ ತಮ್ಮ ಒಹಾಯೋದಿಂದ ನೆಲ ಹುಡುಕಿಕೊಂಡು ಬರುತ್ತಾನಂತೆ. ಆಬ್ನರ್‌ನ ಹೆಂಡತಿ ಥರ್ಜಾಳೇ ಸುಗ್ಗಿಯಲ್ಲಿ ಹೇಳಿದ್ದಳು, ಹೇಳುವಾಗ ಜೋಥಮ್‌ನ ಹೊಲದ ಕಡೆ ನೋಡುತ್ತಿದ್ದಳು. ಅಥವಾ ಸುಮ್ಮನೆ ಆ ಕಡೆ ಮುಖ ಮಾಡಿ ನಿಂತಿದ್ದಳು. ಇಲ್ಲ, ನೋಡುತ್ತಿದ್ದಳು.

ಊರೆಂದರೆ ಟಿಲ್ಸನ್‌ನ ಅಂಗಡಿ, ಅದರ ಒಲೆ, ಒಲೆಯ ಸುತ್ತ ಕೂತು ತಂಬಾಕು ಉಗಿಯುವ ಮುದುಕರು. ಅವರ ಎದುರಿಗೆ ಬಾಯಿಬಿಡಲು ಮನಸ್ಸಿರಲಿಲ್ಲ. ಟಿಲ್ಸನ್ ಹಿಟ್ಟಿನ ಚೀಲದ ಕಡೆ ಬಂದಾಗ ದನಿ ತಗ್ಗಿಸಿ ಕೇಳಿದ.

"ಟಿಲ್ಸನ್ ಅವ್ರೇ, ಏಪ್ರಿಲ್‌ನಲ್ಲಿ ನನ್ನ ಪರವಾಗಿ ಕಚೇರೀಲಿ ಒಂದು ಮಾತು ಹೇಳೋಕಾಗುತ್ತಾ?"

"ನಾನಾ? ನಿನ್ನ ಹೊಲ ಯಾವ ದಿಕ್ಕಿಗಿದೆ ಅಂತಾನೂ ನಂಗೊತ್ತಿಲ್ವಲ್ಲಪ್ಪ. ಪಕ್ಕದಲ್ಲೇ ಆಬ್ನರ್ ಇದಾನಲ್ಲ."

"ಇದಾನೆ."

"ಯಾಕೆ, ಅವನ ಜೊತೆ ಏನಾದ್ರೂ..." ಟಿಲ್ಸನ್ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. "ಹೋಗ್ಲಿ ಬಿಡು. ನಂಗ್ಯಾಕೆ."

ಆ 'ನಂಗ್ಯಾಕೆ' ಒಲೆಯವರೆಗೂ ಕೇಳಿಸಿತು. ಜೋಥಮ್ ಆ ಬೀಗ ಕೊಂಡದ್ದೂ ಇವರ ಕಣ್ಣೆದುರಿಗೇ. ಒಬ್ಬ ಮುದುಕ ಪೈಪು ತೆಗೆದು, "ಬೀಗ ಹೆಂಗಿದೆಯಪ್ಪಾ? ಚೆನ್ನಾಗಿ ಕಚ್ಕೊಳ್ತಾ?" ಎಂದ.

"ಒಳಗೆ ಅಂಥಾದ್ದೇನಿಟ್ಟಿದಾನೋ, ರಾಜನ ಬೊಕ್ಕಸ!" ಎಂದ ಇನ್ನೊಬ್ಬ.

"ರಾಜ ಬೇಡ ಅಂತ ತಾನೇ ಕಣೋ ಇಲ್ಲೀವರೆಗೂ ಓಡಿ ಬಂದಿದ್ದು ನಮ್ಮ ತಾತಂದಿರು!"

ಎಲ್ಲರೂ ನಕ್ಕರು. ಜೋಥಮ್ ತಾನೂ ನಕ್ಕ. ನಗದಿದ್ದರೆ ಇನ್ನೂ ಅವಮಾನ. ಹೋದ ವರ್ಷ ಹಾಲ್ವರ್‌ನ ಕೊಟ್ಟಿಗೆ ಎಬ್ಬಿಸಲು ಎಲ್ಲರೂ ಸೇರಿದ್ದಾಗಲೂ ಹೀಗೆಯೇ ಆಗಿತ್ತು. ಜೋಥಮ್ ತೊಲೆಯನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದ, ಎಲ್ಲರೂ ನಕ್ಕಿದ್ದರು, ಆಬ್ನರ್ ಮಾತ್ರ ನಗದೆ ಬಂದು ತೊಲೆ ತಿರುಗಿಸಿದ್ದ. ನಕ್ಕವರನ್ನು ಜೋಥಮ್ ಅಂದೇ ಮರೆತ. ನಗದವನನ್ನು ಮರೆಯಲಾಗಲಿಲ್ಲ. ಯಾಕೆ ನಗಲಿಲ್ಲ ಅವನು? ಎಲ್ಲವನ್ನೂ ಒಳಗೊಳಗೇ ಕೂಡಿಡುತ್ತಾನಲ್ಲ, ಒಂದು ದಿನಕ್ಕೆ ಬೇಕಾಗುತ್ತದೆ ಎಂದು.

ಹಿಟ್ಟು, ಕಾಫಿ, ಉಪ್ಪು ಹಾಕಿದ ಹಂದಿಮಾಂಸ ಕಟ್ಟಿಸಿಕೊಳ್ಳುವಷ್ಟರಲ್ಲಿ ಅಂಗಡಿಯೊಳಗೆ ಕತ್ತಲಾಯಿತು. ಮಧ್ಯಾಹ್ನವೇ ಕತ್ತಲು. ಯಾರೋ ಬಾಗಿಲು ತೆಗೆದು ನೋಡಿ ತಟಕ್ಕನೆ ಮುಚ್ಚಿದರು. ವಾಯವ್ಯದಿಂದ ಹಿಮಗಾಳಿ ಬಂದಿತ್ತು. ಎದುರಿನ ಕಮ್ಮಾರನ ಸಾಲೆಯೇ ಕಾಣುತ್ತಿರಲಿಲ್ಲ. ಮುದುಕರು ಒಲೆಗೆ ಇನ್ನಷ್ಟು ಹತ್ತಿರ ಸರಿದರು. ಯಾರ ಯಾರ ಮನೆಯವರು ಹೊರಗಿರಬಹುದು ಎಂದು ಒಬ್ಬೊಬ್ಬರೂ ಮನಸ್ಸಿನಲ್ಲೇ ಹುಡುಕುತ್ತಿದ್ದರು. ಜೋಥಮ್ ಎತ್ತುಗಳನ್ನು ಹಿಂದಿನ ಕೊಟ್ಟಿಗೆಗೆ ಹೊಡೆದು ಬಂದು ಹಿಟ್ಟಿನ ಚೀಲಗಳ ಮೇಲೆ ಒರಗಿದ. ಹುಡುಕಲು ಅವನಿಗೆ ಯಾರೂ ಇರಲಿಲ್ಲ. ಜೇಬಿನಲ್ಲಿ ಕೀಲಿ ತೊಡೆಗೆ ಒತ್ತುತ್ತಿತ್ತು. ಒಂದು ನೆಮ್ಮದಿ, ಈ ಎರಡು ದಿನ ಯಾರೂ ನನ್ನ ಮನೆಯೊಳಗೆ ಕಾಲಿಡುವಂತಿಲ್ಲ ಎಂದುಕೊಂಡು, ನಿಜವಾಗಿಯೂ ನೆಮ್ಮದಿಯಿಂದ ನಿದ್ದೆ ಹೋದ.

ಗಾಳಿ ನಿಂತ ಬೆಳಗ್ಗೆ ಬಯಲು ತೊಳೆದಿಟ್ಟ ಹಾಗಿತ್ತು. ಮನೆ ತಲುಪಿದವನು ಎತ್ತು ಬಿಚ್ಚುವ ಮೊದಲೇ ಬಾಗಿಲಿಗೆ ಹೋದ. ಹೊಸಿಲ ಮುಂದೆ ಮಂಜು ತುಳಿದು ಗಟ್ಟಿಯಾಗಿತ್ತು. ಯಾರೋ ಬಹಳ ಹೊತ್ತು ಅಲ್ಲಿ ನಿಂತಿದ್ದರು. ಬಂದಿದ್ದಾನೆ! ಎಂದು ಜೋಥಮ್‌ನ ಎದೆ ಹಾರಿತು, ಮತ್ತು ಅದರಲ್ಲಿ ಒಂದು ಗೆಲುವೂ ಇತ್ತು, ನಾನಂದುಕೊಂಡದ್ದು ಸುಳ್ಳಲ್ಲ. ಬಗ್ಗಿ ಬೀಗ ಪರೀಕ್ಷಿಸಿದ. ಮೀಟಿದ ಗುರುತಿಲ್ಲ, ಹೊಡೆದ ಗುರುತಿಲ್ಲ. ಕಬ್ಬಿಣಕ್ಕೆ ತೆಳ್ಳನೆ ಬಿಳಿಯ ಸಿಪ್ಪೆಯಂಥದ್ದು ಅಂಟಿಕೊಂಡಿತ್ತು. ಉಗುರಿನಿಂದ ಕೆರೆದ. ಕೈಗೆ ಬಂದ ಮೇಲೆ ತಿಳಿಯಿತು, ಅದು ಮನುಷ್ಯನ ಚರ್ಮ. ಕಣ್ಣು ಕಾಣದ ಬಿಳುಪಿನಲ್ಲಿ ಯಾರೋ ಬರಿಗೈಯಲ್ಲಿ ದಾರಕ್ಕಾಗಿ ತಡಕಾಡಿದ್ದರು.

ಕೊಟ್ಟಿಗೆಗೆ ಓಡಿದ. ಹಸುವಿನ ಮಗ್ಗುಲಲ್ಲಿ ಹುಲ್ಲು ಒತ್ತಿ ಗುಳಿಬಿದ್ದಿತ್ತು, ಮೇಲೆ ಖಾಲಿ ಗೋಣಿಗಳು. ಅಲ್ಲೇ ಒಂದು ಕೈಗವುಸು. ಥರ್ಜಾ ಹೆಣೆದದ್ದು, ಹೆಬ್ಬೆರಳಿಗೆ ಬೇರೆ ಬಣ್ಣದ ಉಣ್ಣೆ ಹಾಕಿ ತೇಪೆ ಹಾಕುವುದು ಅವಳೊಬ್ಬಳೇ. ಮನುಷ್ಯ ಇರಲಿಲ್ಲ. ಪಡುವಣಕ್ಕೆ ಹೆಜ್ಜೆಗಳು ಹೋಗಿದ್ದವು, ನೇರವಾಗಿರಲಿಲ್ಲ.

ಆಬ್ನರ್‌ನ ಮನೆಯ ಬಾಗಿಲಲ್ಲಿ ಜೋಥಮ್ ಕೈಯೆತ್ತಿ ತಟ್ಟಿದ. ಈ ಬಯಲಿನಲ್ಲಿ ಯಾರೂ ತಟ್ಟುವುದಿಲ್ಲ.

"ಎಳಿ," ಎಂದಳು ಥರ್ಜಾ ಒಳಗಿನಿಂದ. "ನಮ್ಮನೆ ದಾರ ಹೊರಗೇ ಇದೆ."

ಆಬ್ನರ್ ಒಲೆಯಿಂದ ದೂರ ಕೂತಿದ್ದ. ಎರಡು ಕೈಯೂ ತಣ್ಣೀರಿನ ಬೋಗುಣಿಯಲ್ಲಿದ್ದವು. ಎಡಗೈ ಕೆಂಪಗೆ ಊದಿತ್ತು. ಬಲಗೈಯ ಬೆರಳುಗಳ ಬಣ್ಣ ನೋಡಿ ಜೋಥಮ್ ಬೇರೆ ಕಡೆ ಮುಖ ತಿರುಗಿಸಿದ.

"ಜೌಗಿನ ಹತ್ರ ಹುಲ್ಲು ತುಂಬ್ತಿದ್ದೆ," ಎಂದ ಆಬ್ನರ್, ತಪ್ಪು ತನ್ನದೇ ಎಂಬಂತೆ. "ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬೆಳ್ಳಗಾಗೋಯ್ತು. ಕತ್ತೆ ಹಗ್ಗ ಕಿತ್ಕೊಂಡು ಹೋಯ್ತು, ಬದ್ಮಾಷ್. ನಾನು ತಡವರಿಸ್ಕೊಂಡು ಬಂದ್ರೆ ನಿನ್ನ ಮನೆ ಸಿಕ್ತು."

"ಒಡೀಬೇಕಿತ್ತು ಕಣೋ."

"ಬೀಗ ಇತ್ತಲ್ಲ."

"ಕಿಟಕಿ? ಗಾಜು ಒಡೆದು ನುಗ್ಗಬೇಕಿತ್ತು!"

"ನಿನ್ನ ಗಾಜು ಅಲ್ವಾ ಅದು." ಆಬ್ನರ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲವೇನೋ. "ಮನುಷ್ಯ ಬೀಗ ಹಾಕಿದಾನೆ ಅಂದ್ರೆ ಬರಬೇಡ ಅಂದಿದಾನೆ ಅಂತ. ಅದನ್ನ ಮೀರಿ ನುಗ್ಗೋಕಾಗುತ್ತಾ? ನಿನ್ನ ಹಸು ಬೆಚ್ಚಗಿತ್ತು. ಒಳ್ಳೇ ಹಸು."

"ಒಳ್ಳೇ ಹಸುವಂತೆ!" ಥರ್ಜಾ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಎಸೆದಳು.

"ಸುಮ್ನಿರು ಥರ್ಜಾ."

"ಇಲ್ಲಾರೀ, ಇವತ್ತು ನಾನು ಸುಮ್ನಿರಲ್ಲ. ಕೇಳು ಜೋಥಮ್. ನೀನು ಅಯೋವಾದಲ್ಲಿ ಕೂತಿದ್ದಾಗ ಇವರು ದಿನಾ ಬೆಳಗ್ಗೆ ನಿನ್ನ ಮನೆಗೆ ಹೋಗಿ ಒಲೆ ಹಚ್ಚಿ ಬರ್ತಿದ್ರು. ಸಂಜೆ ಹೋಗಿ ದೀಪ ಹಚ್ತಿದ್ರು. ಯಾಕೆ ಗೊತ್ತಾ? ನೆಲ ಹುಡುಕ್ಕೊಂಡು ಆ ದಾರೀಲಿ ಗಾಡಿ ಮೇಲೆ ಗಾಡಿ ಹೋಗ್ತಿತ್ತು. ಹೊಗೆ ಕಾಣದ ಮನೆ ಸಿಕ್ರೆ ಬಿಡ್ತಾರೇನು ಅವರು? ನಮ್ಮ ಒಲೆಗೇ ಹುಲ್ಲಿರ್ಲಿಲ್ಲ ಆ ವರ್ಷ. ನಾನು ನಡುಗ್ತಾ ಕೂತಿದ್ರೆ ಇವರು ಹುಲ್ಲು ಹೊಸೆದು ನಿನ್ನ ಖಾಲಿ ಮನೆ ಬೆಚ್ಚಗೆ ಮಾಡ್ತಿದ್ರು! ನನ್ನ ತಮ್ಮ ಬರ್ತೀನಿ ಅಂದಾಗ್ಲೂ, ನಿನ್ನ ಹೊಲದ ಮಾತು ಎತ್ತಕೂಡದು ಅಂತ ನನ್ನ ಬಾಯಿಗೇ ಬೀಗ. ಬಾಗಿಲಿಗೆ ನೀನು ಹಾಕ್ದೆ."

ಜೋಥಮ್‌ಗೆ ಕಿವಿಯೊಳಗೆ ಬಿಸಿಯಾಯಿತು. ನಾಚಿಕೆ ಎಂದರೆ ಇದು, ಅಂಗಡಿಯಲ್ಲಿ ಆದದ್ದಲ್ಲ. ಕಾಲಿಗೆ ಬೀಳಬೇಕೆನ್ನಿಸಿತು, ಆದರೆ ಈ ಬಯಲಿನ ಗಂಡಸರಿಗೆ ಬೀಳುವ ಅಭ್ಯಾಸವಿಲ್ಲ, ಬೀಳಿಸಿಕೊಳ್ಳುವ ಅಭ್ಯಾಸವೂ ಇಲ್ಲ. "ನಂಗೆ ಯಾಕೆ ಹೇಳ್ಲಿಲ್ಲ?" ಎಂದ, ಅದು ಬೈಗುಳದ ಹಾಗೆ ಕೇಳಿಸಿತು.

"ನೀನು ಕೇಳ್ಲಿಲ್ಲವಲ್ಲ," ಎಂದ ಆಬ್ನರ್.

ಥರ್ಜಾ ಬಲಗೈಯ ಮೂರು ಬೆರಳುಗಳನ್ನು ತಾನೇ ಕತ್ತರಿಸಿದಳು, ವೈದ್ಯನನ್ನು ಕರೆತರುವುದರೊಳಗೆ ಕಪ್ಪು ಮೇಲೇರುತ್ತದೆಂದು. ಜೋಥಮ್ ಮಣಿಕಟ್ಟು ಹಿಡಿದುಕೊಂಡಿದ್ದ. ಅಂದೇ ಬಂದು ಬೀಗ ಕಿತ್ತು ಬಾವಿಗೆ ಎಸೆದ, ದಾರ ಹೊರಗೆ ಬಿಟ್ಟ. ಚಳಿಗಾಲವೆಲ್ಲ ಎರಡು ಮನೆಯ ಹಾಲೂ ಅವನೇ ಕರೆದ, ಎರಡು ಒಲೆಗೂ ಹುಲ್ಲು ಹೊಸೆದ. ಆಬ್ನರ್ ಬೇಡವೆನ್ನಲಿಲ್ಲ, ಆಹಾ ಎನ್ನಲೂ ಇಲ್ಲ. ಹುಲ್ಲು ಹೊಸೆಯುವಾಗ ಜೋಥಮ್‌ನ ಮನಸ್ಸು ಮಾತ್ರ ತನ್ನ ಕೆಲಸ ಬಿಟ್ಟಿರಲಿಲ್ಲ. ಮೊದಲು ಕಚೇರಿಯಲ್ಲಿ ಹೇಳಿಬಿಡಲು ಆಬ್ನರ್‌ಗೆ ಕಾರಣವಿರಲಿಲ್ಲ. ಈಗ ಇದೆ, ಮೂರು ಬೆರಳಿನಷ್ಟು ಇದೆ. ಯಾರು ಬಿಡುತ್ತಾರೆ? ನಾನಾಗಿದ್ದರೆ ಬಿಡುತ್ತಿದ್ದೆನೇ? ಒಂದು ಖಾಲಿ ಮನೆಗಾಗಿ ಸ್ವಂತ ಹೆಂಡತಿಯನ್ನು ಚಳಿಗೆ ಕೂರಿಸುವವನು ಸುಮ್ಮನೆ ಕೂರಿಸುತ್ತಾನೆಯೇ? ಸುಮ್ಮನೆ ಎಂಬುದು ಲೋಕದಲ್ಲಿ ಇದೆಯೇ?

ಏಪ್ರಿಲ್‌ನಲ್ಲಿ ಮೂವರೂ ಜೋಥಮ್‌ನ ಗಾಡಿಯಲ್ಲಿ ಹೋದರು. ಹಾಲ್ವರ್ ತನಗೆ ಬಂದಷ್ಟು ಭಾಷೆಯಲ್ಲಿ ತನಗೆ ಗೊತ್ತಿದ್ದಷ್ಟು ಹೇಳಿ, ಮಗಳ ಮನೆಗೆಂದು ಊರಲ್ಲೇ ಉಳಿದ. ಆಮೇಲೆ ಆಬ್ನರ್ ಬಲಗೈ ಎತ್ತಿದ. ಅಧಿಕಾರಿ ಆ ಕೈಯನ್ನು ನೋಡಿ, "ಏನಾಯ್ತು?" ಎಂದ.

"ಚಳಿ," ಎಂದ ಆಬ್ನರ್.

"ಈ ರೀಡ್ ಅನ್ನೋರು ಆರು ತಿಂಗಳಿಗಿಂತ ಹೆಚ್ಚು ಯಾವತ್ತಾದ್ರೂ ನೆಲ ಬಿಟ್ಟು ಹೋಗಿದ್ರಾ?"

ಗೋಡೆಗೆ ಒರಗಿದ್ದ ಜೋಥಮ್‌ಗೆ ಗೋಡೆ ಸರಿದಂತಾಯಿತು.

"ಸಾಹೇಬ್ರೇ, ನನ್ನ ಮನೆ ಎದುರಿಗೇ ಇವನ ಮನೆ," ಎಂದ ಆಬ್ನರ್. "ಐದು ವರ್ಷದಲ್ಲಿ ಆ ಮನೇಲಿ ಹೊಗೆ ಏಳದ ಒಂದು ಬೆಳಗ್ಗೆ ನಾನು ಕಂಡಿಲ್ಲ. ದೀಪ ಇಲ್ಲದ ಒಂದು ಸಂಜೆ ಕಂಡಿಲ್ಲ."

"ನಾನು ಕೇಳಿದ್ದು ಮನುಷ್ಯನ ವಿಷಯ."

"ಇನ್ನೊಬ್ಬ ಮನುಷ್ಯನ ವಿಷಯ ನಾವು ಕೇಳ್ಕೊಂಡು ಓಡಾಡಲ್ಲ ಸಾಹೇಬ್ರೇ. ನಮ್ಮ ಕಡೆ ಹೊಗೆ ನೋಡ್ತೀವಿ ಅಷ್ಟೆ."

ಅಧಿಕಾರಿಯೂ ಈ ಬಯಲಿನವನೇ. ಒಂದು ಗಳಿಗೆ ಆಬ್ನರ್‌ನ ಮುಖ ನೋಡಿದ, ಇನ್ನೊಂದು ಗಳಿಗೆ ಕೈ ನೋಡಿದ, ಆಮೇಲೆ ಮೊಹರು ಎತ್ತಿ ಒತ್ತಿದ.

ಹಿಂದಿರುಗುವಾಗ ಗಾಡಿಯ ಮೇಲೆ ಇಬ್ಬರೇ. ಬಿಸಿಲು ಹಿತವಾಗಿತ್ತು, ಬಯಲುಕೋಳಿಗಳು ಗುಮ್ಮೆನ್ನುತ್ತಿದ್ದವು. ಆಬ್ನರ್ ಕತ್ತೆಯ ವಿಷಯ ತೆಗೆದ. ಜೋಥಮ್‌ಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ನೆಲ ತನ್ನದಾಗಿತ್ತು, ಕುಣಿಯಬೇಕಾಗಿತ್ತು. ಎದೆಯೊಳಗೆ ಮಾತ್ರ ಹಳೆಯ ಇಲಿ ಕೆರೆಯುತ್ತಲೇ ಇತ್ತು. ಯಾವತ್ತು ಕೇಳುತ್ತಾನೆ? ಏನು ಕೇಳುತ್ತಾನೆ? ಮುಂದಿನ ವರ್ಷವೇ, ಹತ್ತು ವರ್ಷ ಬಿಟ್ಟೇ? ಸಾಯುವವರೆಗೂ ಹೀಗೆ ಕಾಯುತ್ತಿರಬೇಕೇ? ಸಾಕು, ಇವತ್ತೇ ಮುಗಿಸಿಬಿಡಬೇಕು ಎಂದುಕೊಂಡ.

"ಆಬ್ನರ್, ನಿಂಗೇನು ಬೇಕು ಹೇಳ್ಬಿಡು."

"ಯಾತಕ್ಕೆ?"

"ಇದಕ್ಕೆಲ್ಲ. ಆ ಹೊಗೆಗೆ. ಇವತ್ತಿನ ಮಾತಿಗೆ. ಕೈಗೆ. ಏನೋ ಒಂದು ಮನಸ್ಸಲ್ಲಿ ಇಟ್ಕೊಂಡೇ ಇರ್ತೀಯಲ್ಲ. ನಿನ್ನ ಭಾವಮೈದನಿಗೆ ಜೌಗಿನ ಕಡೆ ನನ್ನ ಹೊಲದ ಪಟ್ಟಿ ಬೇಕಾ? ತಗೋ. ಬಾಯಿಬಿಟ್ಟು ಹೇಳ್ಬಿಡು, ಸಾಕು."

ಆಬ್ನರ್ ಎತ್ತುಗಳ ಬೆನ್ನಿನಿಂದ ಕಣ್ಣು ತೆಗೆದು ಜೋಥಮ್‌ನ ಕಡೆ ತಿರುಗಿದ. ಅವನ ಮುಖದಲ್ಲಿ ಆದದ್ದು ಬೆರಳು ಕತ್ತರಿಸಿದ ದಿನವೂ ಆಗಿರಲಿಲ್ಲ.

"ಗಾಡಿ ನಿಲ್ಸು."

"ಇನ್ನೂ ದೂರ ಇದೆಯಲ್ಲೋ."

"ಕಾಲು ಚೆನ್ನಾಗೇ ಇದೆ. ನಿಲ್ಸು."

ಇಳಿದ. ಇಳಿದವನು ತಕ್ಷಣ ಹೋಗಲಿಲ್ಲ, ಚಕ್ರದ ಪಕ್ಕದಲ್ಲಿ ಟೋಪಿ ಸರಿಮಾಡಿಕೊಳ್ಳುತ್ತ ನಿಂತ. "ಆವತ್ತು ನೀನೊಬ್ನೇ ಬಂದ್ಯಲ್ಲ. ಲೊವೀನಾ ಇಲ್ಲ ಅಂತ ನೋಡ್ದಾಗ್ಲೇ ಗೊತ್ತಾಯ್ತು. ಏನು ಹೇಳ್ಬೇಕೂಂತ ದಾರಿಯುದ್ದಕ್ಕೂ ಯೋಚ್ನೆ ಮಾಡ್ಕೊಂಡೇ ಬಂದಿದ್ದೆ. ನಿನ್ನ ಮುಖ ನೋಡಿ ಒಂದೂ ಬಾಯಿಗೆ ಬರ್ಲಿಲ್ಲ. ಹಸು ವಿಷ್ಯ ಹೇಳ್ದೆ," ಎಂದ. ಆಮೇಲೆ ಹೊರಟ.

ಜೋಥಮ್ ಅಲ್ಲೇ ಕೂತಿದ್ದ. ಓಡಿಹೋಗಿ ಹಿಡಿದುಕೊಳ್ಳಬೇಕು, ತಪ್ಪಾಯಿತು ಎನ್ನಬೇಕು, ಅಳಬೇಕು ಎಂದೆಲ್ಲ ಅನ್ನಿಸುತ್ತಿತ್ತು. ಆಬ್ನರ್ ರಸ್ತೆ ಬಿಟ್ಟು ಇಳಿಜಾರಿಗೆ ಇಳಿದ. ಅವನ ಮನೆಗೆ ಅದೇ ಹತ್ತಿರದ ಹಾದಿ. ಐದು ವರ್ಷದಿಂದ ಎಲ್ಲರೂ ನಡೆದದ್ದು ಹಾಗೆಯೇ, ಯಾವ ನೆಲವೂ ಯಾರದೂ ಆಗಿರದಿದ್ದಾಗ. ಈಗ ಅಲ್ಲಿ ಜೋಥಮ್‌ನ ಗೋಧಿ ಹಸಿರು ಚುಕ್ಕೆಯಾಗಿ ಎದ್ದಿತ್ತು. ಆಬ್ನರ್ ತಲೆ ತಗ್ಗಿಸಿಕೊಂಡು ಅದರ ನಡುವೆಯೇ ಹೋಗುತ್ತಿದ್ದ. ಬಿತ್ತಿದ್ದನ್ನು ತುಳಿಯುತ್ತಿದ್ದಾನಲ್ಲ, ಎಂದಿತು ಜೋಥಮ್‌ನ ಮನಸ್ಸು. ಬೇಕೆಂದೇ ತುಳಿಯುತ್ತಿದ್ದಾನೆಯೇ? ಅವನು ಗಾಡಿಯ ಮೇಲೆ ಎದ್ದು ನಿಂತು, ಕೂಗಲು ಬಾಯಿ ತೆರೆದ. ತಿರುಗಿ ಬಾ ಎಂದು ಕೂಗಲಿದ್ದನೋ, ಬದುವಿನ ಮೇಲೆ ಹೋಗು ಎಂದು ಕೂಗಲಿದ್ದನೋ, ಅದು ಅವನಿಗೇ ಗೊತ್ತಾಗಲಿಲ್ಲ. ಬಾಯಿ ಮುಚ್ಚಿಕೊಂಡು ಕೂತು, ಆ ಮನುಷ್ಯ ತನ್ನ ಹೊಲ ದಾಟಿ ಮುಗಿಯುವವರೆಗೂ ನೋಡುತ್ತಿದ್ದ.